ಅರ್ಧ ಗಿಳಿ

ದಾಂಡೇಲಿ
೭ ಡಿಸೆಂಬರ್ ೨೦೨೪, ಶನಿವಾರ

ಪ್ರೀತಿಯ ಅಮ್ಮಿಗೆ ನಿನ್ನ ಮಹೆಜಬೀನಳ ಸಲಾಂ.

ಫೋನ್ ಇರುವಾಗ ಇವಳಿಗೇನು ಪತ್ರದ ಹುಚ್ಚು ಎಂದುಕೊಳ್ಳಬೇಡ. ನಿನ್ನ ಫೋನು ಇಡೀ ದಿನ ಸಾಹಿಲನ ಕೈಯಲ್ಲಿರುತ್ತದೆ. ನಾನು ಮಾತು ಶುರು ಮಾಡುವುದೇ ತಡ, ತಮ್ಮರಾಯ ಸ್ಪೀಕರಿಗೆ ಹಾಕುತ್ತಾನೆ. ಮುಂಡಗೋಡದ ಅರ್ಧ ಓಣಿ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಅಮೀರಸಾಬ ಮಾಮುನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಎಂಬ್ರಾಯ್ಡರಿ ಅಂಗಡಿ ಚೆನ್ನಾಗಿ ನಡೆದಿದೆ. ಹಳೇ ಮಷೀನಿಗೆ ಎಣ್ಣೆ ಹಾಕಲು, ಬೆಲ್ಟ್ ಬಿಗಿ ಮಾಡಲು ಫಿರೋಜ ಮೇಸ್ತ್ರಿ ಬರುತ್ತಾನೆ. ಅಷ್ಟೇ. ಊಟ, ನಿದ್ದೆ ಎಲ್ಲ ಸರಿಯಾಗಿದೆ.

ಈ ವಾರ ಒಂದು ಫಜೀತಿ ಆಯಿತು, ಹೇಳುತ್ತೇನೆ. ನಮ್ಮ ಮಷೀನಿಗೆ ಪೆನ್‌ಡ್ರೈವ್ ಒಂದೇ ಗೊತ್ತು. ಪ್ರತಿ ಡಿಸೈನಿಗೂ ಕಂಪ್ಯೂಟರಿನಿಂದ ಕಿತ್ತು ಮಷೀನಿಗೆ, ಮಷೀನಿನಿಂದ ಕಿತ್ತು ಕಂಪ್ಯೂಟರಿಗೆ. ಸಾಕಾಗಿ, ನಾನೇ ಒಂದು ಸಣ್ಣ ಡಬ್ಬಿ ಮಾಡಿದೆ. ಅದು ಮಷೀನಿನ ಮುಂದೆ ಪೆನ್‌ಡ್ರೈವಿನ ವೇಷ ಹಾಕಿ ಕೂರುತ್ತದೆ. ಒಳಗೆ ಡಿಸೈನೇ ಇಲ್ಲ. ಮಷೀನು ಕೇಳಿದಾಗ ವೈಫೈನಲ್ಲಿ ಕಂಪ್ಯೂಟರಿನಿಂದ ತರಿಸಿ ತುಂಡು ತುಂಡಾಗಿ ಕೊಡುತ್ತದೆ. ನೀನು ಓದಿಸಿದ ಬಿಸಿಎ ಹೀಗೆ ಕೆಲಸಕ್ಕೆ ಬಂತು.

ಮಿಲ್ಲಿನ ಕಾಲನಿಯ ಗೋದುಬಾಯಿ ಬಸುರಿ ಮಗಳ ಕುಬಸಕ್ಕೆಂದು ಹಸಿರು ರವಿಕೆ ಖಣ ತಂದು, ಬೆನ್ನ ಮೇಲೆ ಗಿಳಿ ಬೇಕೆಂದರು. ನಾನು ಅವಸರದಲ್ಲಿ ವಾಲಿಬಾಲ್ ತಂಡದ ಬನಿಯನ್ನಿನ ಡಿಸೈನ್ ಒತ್ತಿದೆ. ತಪ್ಪಾಯಿತೆಂದು ರದ್ದು ಮಾಡಿ ಗಿಳಿ ಒತ್ತಿದೆ. ಚಹಾ ಕುಡಿದು ಬಂದು ನೋಡಿದರೆ ಗಿಳಿಯ ಕುತ್ತಿಗೆಯವರೆಗೆ ಸರಿ, ಅಲ್ಲಿಂದ ಕೆಳಗೆ ವಾಲಿಬಾಲ್ ತಂಡದ ಹೆಸರು! ಗೋದುಬಾಯಿ ನಕ್ಕರು, ಪುಣ್ಯ. ಬೇರೆ ಖಣ ತರಿಸಿ ಹೊಲಿದುಕೊಟ್ಟೆ.

ಮಷೀನನ್ನು ಬೈದದ್ದೇ ಬೈದದ್ದು. ಆಮೇಲೆ ನೋಡಿದರೆ ತಪ್ಪು ನನ್ನ ಡಬ್ಬಿಯದು. ಮಷೀನು ವಾಲಿಬಾಲ್ ಬೇಡವೆಂದಾಗ ಡಬ್ಬಿ ಆ ಕೇಳಿಕೆಯನ್ನು ಮರೆತುಬಿಟ್ಟಿತು. ತರಲು ಹೇಳಿದ ಕಂಪ್ಯೂಟರಿಗೆ ಮಾತ್ರ ಬೇಡವೆಂದು ತಿಳಿಸಲಿಲ್ಲ. ಅದು ಪಾಪ ತಡವಾಗಿ ತಂದುಕೊಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ಕಾದಿದ್ದದ್ದು ಗಿಳಿಯ ಮುಂದಿನ ತುಂಡಿನ ಕೇಳಿಕೆ, ಅದರ ಕೈಗೇ ವಾಲಿಬಾಲ್ ಬಿತ್ತು. ಈಗ ಸರಿ ಮಾಡಿದ್ದೇನೆ. ಬೇಡವಾದರೆ ಆ ಕಡೆಗೂ ಬೇಡವೆಂದು ಹೇಳಬೇಕು, ಅಲ್ಲಿಂದ ‘ಆಯಿತು, ಬಿಟ್ಟೆ’ ಎಂಬ ಮಾತು ಬರಬೇಕು. ಅಲ್ಲಿಯವರೆಗೆ ಡಬ್ಬಿ ಇನ್ನೊಂದು ಕೇಳಿಕೆಯನ್ನು ಒಳಗೆ ಬಿಡುವುದಿಲ್ಲ.

ಇದನ್ನೆಲ್ಲ ನಿನಗೇಕೆ ಬರೆದೆನೆಂದರೆ, ಹಳಿಯಾಳದವರ ಮದುವೆ ಪೈಗಾಮಿನ ಸಲುವಾಗಿ.

ರಂಜಾನಿನ ಮುಂಚೆ ಅವರು ತಮ್ಮ ಹುಡುಗನಿಗೆ ನನ್ನನ್ನು ಕೇಳಿ ಕಳಿಸಿದರು. ನನಗೆ ಮನಸ್ಸಿಲ್ಲವೆಂದು ಅವತ್ತೇ ಹೇಳಿದೆ, ನೀನೂ ಒಪ್ಪಿದೆ. ಆದರೆ ಅವರಿಗೆ ಏನು ಹೇಳಿ ಕಳಿಸಿದೆ? ‘ವಿಚಾರ ಮಾಡ್ತೇವಿ.’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೇಳಿದಾಗೆಲ್ಲ ನೀನು ಹೇಳುವುದು ಒಂದೇ: “ಸುಮ್ನಿದ್ರ ಅವರಿಗೇ ತಿಳೀತೈತಿ ಬಿಡು.” ಅಬ್ಬಾ ತೀರಿಕೊಂಡಾಗ ನಮ್ಮ ಮನೆಗೆ ಅನ್ನ ಮಾಡಿ ತಂದವರು ಅವರು. ಅವರಿಗೆ ಒಲ್ಲೆ ಎನ್ನಲು ನಿನಗೆ ಬಾಯಿ ಬರುವುದಿಲ್ಲ, ಗೊತ್ತು. ಆ ಉಪಕಾರವನ್ನು ನಾನೂ ಮರೆತಿಲ್ಲ.

ಆದರೆ ಅಮ್ಮಿ, ನಿಕಾಹದಲ್ಲಿ ಹುಡುಗಿ ಸುಮ್ಮನಿದ್ದರೆ ಹೂಂ ಎಂದೇ ಎಣಿಸುವವರು ನಾವು. ಸುಮ್ಮನಿರುವುದು ಒಲ್ಲೆ ಆಗುವುದು ಹೇಗೆ?

ಸೋಮವಾರ ಆ ಹುಡುಗನೇ ಅಂಗಡಿಗೆ ಬಂದಿದ್ದ. ತಂಗಿಯ ದುಪಟ್ಟಾ ನೆಪ. ದಾರದ ಬಣ್ಣ ಆರಿಸುತ್ತಾ ಆರಿಸುತ್ತಾ ಕೊನೆಗೆ ಬಾಯಿಬಿಟ್ಟ. “ನಿಮ್ಮ ಅಮ್ಮಿ ಸುಮ್ನದಾರ. ನಮ್ಮಜ್ಜ ಅದನ್ನ ಹೂಂ ಅಂತ ತಿಳದಾನ, ನಮ್ಮಮ್ಮಾ ಒಲ್ಲೆ ಅಂತ ತಿಳದಾಳ. ಕಿತ್ತೂರ ಕಡೆ ಒಂದ್ ಹುಡುಗಿ ಅದಾಳ, ನಿಮ್ಮ ಮಾತು ಬರದ ಅಲ್ಲಿ ಕೇಳಾಕ ಆಗವಲ್ದು. ಬ್ಯಾಡಂದ್ರ ಬ್ಯಾಡ ಅನ್ರಿ, ಯಾರೂ ಸಿಟ್ಟಾಗಂಗಿಲ್ಲ.” ಒಳ್ಳೆಯ ಹುಡುಗ. ನನಗೆ ನಿಜಕ್ಕೂ ನಾಚಿಕೆಯಾಯಿತು. ದುಪಟ್ಟಾದ ಕೆಲಸ ಚೆಂದ ಮಾಡಿಕೊಟ್ಟೆ.

ಇನ್ನು, ಮೊದಲಿಗೆ ಫಿರೋಜನ ಮಾತಿನಲ್ಲಿ ‘ಅಷ್ಟೇ’ ಎಂದು ಬರೆದೆನಲ್ಲ, ಅದು ಅಷ್ಟೇ ಅಲ್ಲ. ಫಿರೋಜ ಕೆಟ್ಟಿರದ ಬೆಲ್ಟನ್ನೂ ಬಂದು ಬಿಗಿ ಮಾಡುತ್ತಾನೆ. ನಾನೂ ಬೇಡವೆನ್ನುವುದಿಲ್ಲ. ಅವನ ಜೊತೆ ಬಾಳಬೇಕೆಂದು ನನಗೆ ಆಸೆ ಇದೆ ಅಮ್ಮಿ, ಬಹಳ ಇದೆ. ಅವನ ತಾಯಿಗೂ ನಾನು ಇಷ್ಟ. ಆದರೆ ನಮ್ಮ ಮನೆಗೆ ಬರಲು ಅವರು ಒಪ್ಪುವುದಿಲ್ಲ. ನನ್ನನ್ನೇ ಕೂರಿಸಿಕೊಂಡು ಹೇಳಿದರು: “ಒಬ್ಬರ ಪೈಗಾಮ್ ಇನ್ನೂ ಕುಂತಿರೂ ಮನೀಗೆ ನಾ ಇನ್ನೊಂದ್ ಪೈಗಾಮ್ ತರೂದಿಲ್ಲ ಬೇಟಿ. ಮೊದಲ ಅವರಿಗೆ ಉತ್ತರ ಹೋಗ್ಲಿ.” ನಮ್ಮವರ ರೀತಿಯೂ ಅದೇ ಅಲ್ಲವೇ? ಅವರದೇನೂ ತಪ್ಪಿಲ್ಲ.

ಫಿರೋಜನಿಗೆ ಈಗಲೇ ಹೂಂ ಎನ್ನು ಎಂದು ನಾನು ಕೇಳುತ್ತಿಲ್ಲ. ಅವರು ಕೇಳಿದ ಮೇಲೆ ನೋಡು, ವಿಚಾರಿಸು, ಬೇಕಾದರೆ ಬೈ. ಹಳಿಯಾಳಕ್ಕೆ ಮಾತ್ರ ಬಾಯಿಬಿಟ್ಟು ಒಲ್ಲೆ ಎಂದು ಹೇಳಿ ಕಳಿಸು. ಅವರ ಪೈಗಾಮು ತಂದವನು ಅಮೀರಸಾಬ ಮಾಮು. ಉತ್ತರ ಒಯ್ಯುವವನೂ ಅವನೇ. ಈಗ ನಿನ್ನೆದುರಿಗೇ ಕುಳಿತಿರುತ್ತಾನೆ. ಸಂಜೆ ಬಸ್ಸಿಗೆ ಹಳಿಯಾಳಕ್ಕೆ ಹೋಗುತ್ತಾನೆ. ಬರಿಗೈಲಿ ಏಳಬೇಡವೆಂದು ಹೇಳಿ ಕಳಿಸಿದ್ದೇನೆ.

ಮಂಡಿ ನೋವಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೋ.

ನಿನ್ನ ಮಗಳು,
ಮಹೆಜಬೀನ

ತಾ.ಕ.: ಮಾಮು ಒಬ್ಬನೇ ಬಂದಿಲ್ಲ. ಹೊರಗೆ ಬೇವಿನ ಕಟ್ಟೆಯ ಮೇಲೆ ಬುರ್ಖಾದಲ್ಲಿ ಕುಳಿತಿರುವವರು ಫಿರೋಜನ ತಾಯಿ. ಚಿಗಳ್ಳಿಯ ತಂಗಿಯ ಮನೆಗೆ ಹೊರಟವರು ಎಂದು ಹೇಳಿಕೊಂಡು ಬಂದಿದ್ದಾರೆ. ಮೊದಲೇ ಒಳಗೆ ಕರೆಯಬೇಡ, ಕರೆದರೂ ಬರುವುದಿಲ್ಲ. ಮಾಮು ನಿನ್ನ ಉತ್ತರ ತೆಗೆದುಕೊಂಡು ಹೊಸ್ತಿಲು ದಾಟಿದ ಮೇಲೆ ಚಹಾಕ್ಕೆ ಇಡು.