ಬೆಂಬಲ ಮುಗಿದಿದೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಕೂತಿರು, ಆದರೆ ಇದನ್ನು ಓದಿ ಮುಗಿಸು. ನಿನ್ನ ಭಾವನ ಧ್ವನಿ ಕೈತಪ್ಪಿ ಹೋಗುವ ಹಾಗಿದೆ.

ಗಂಟಲಿನ ಆಪರೇಷನ್ನಿಗೆ ಮೊದಲು ಅವರು ವಾಕ್ಯಗಳನ್ನು ಓದಿ ಓದಿ ಫೋನಿಗೆ ತಮ್ಮ ಧ್ವನಿ ಕಲಿಸಿದ್ದು ನೆನಪಿದೆಯಲ್ಲ? ಈಗ ಅವರು ಟೈಪ್ ಮಾಡಿದರೆ ಅದು ಅವರದೇ ಧ್ವನಿಯಲ್ಲಿ ಮಾತಾಡುತ್ತದೆ. ಡ್ರೈವಿಂಗ್ ಕಲಿಯಲು ಬಂದವರನ್ನು ಗದರಿಸುವುದೂ ಅದರಲ್ಲೇ, ನನ್ನನ್ನು "ಗಡಿಬಿಡೀ" ಎಂದು ರೇಗಿಸುವುದೂ ಅದರಲ್ಲೇ. ಮೊನ್ನೆ ಪರದೆಯ ಮೇಲೆ ಬಂತು: ಈ ಫೋನಿಗೆ ಬೆಂಬಲ ಮುಗಿದಿದೆ, ಮಾತಿನ ಆ್ಯಪ್ ಸೋಮವಾರದಿಂದ ನಡೆಯುವುದಿಲ್ಲ. ನಿನ್ನ ಭಾವ ಟೈಪ್ ಮಾಡಿದರು, "ನಿನ್ ಬೆಂಬಲಾನಾದ್ರೂ ಇದ್ಯಾ?" ನನಗೆ ನಗು ಬರಲಿಲ್ಲ.

ಸರ್ವಿಸ್ ಸೆಂಟರಿಗೆ ಓಡಿದೆವು. ಅಲ್ಲಿಯ ಹುಡುಗಿ, "ಹೊಸ ಮಾಡೆಲ್ ತಗೊಳ್ಳಿ ಮೇಡಂ. ಹಳೇ ಧ್ವನಿ ಅದಕ್ಕೆ ಬರಲ್ಲ, ಸರ್ ಇನ್ನೊಂದ್ಸಲ ಓದಿ ರೆಕಾರ್ಡ್ ಮಾಡ್ಬಿಡ್ಲಿ" ಎಂದಳು.

"ಯಾವ ಗಂಟಲಿಂದಮ್ಮಾ?" ಎಂದೆ. ಪಾಪ, ಅವಳ ಮುಖ ಸಪ್ಪಗಾಯಿತು.

ಕೊನೆಗೆ ನಿನ್ನೆ, ಹಿಂದೆ ನನ್ನ ಹಳೇ ಫೋನನ್ನು ಸರಿಮಾಡಿಕೊಟ್ಟಿದ್ದ ನಮ್ಮ ಮೊಬೈಲ್ ರಿಪೇರಿಯವರ ಹತ್ತಿರ ಹೋದೆವು. ಅವರು ಹೇಳಿದರು, "ನಿಮ್ ಫೋನ್‌ನ ಕಂಪನಿಯವ್ರು ಬೇಗ ಕೈಬಿಟ್ರು. ಆದ್ರೆ ಒಳಗಿನ ಸಾಫ್ಟ್‌ವೇರ್‌ಗೆ ಬೀಗ ಹಾಕಿರ್ಲಿಲ್ಲ. ಯಾರ್ಯಾರೋ ಸೇರಿ ಮಾಡಿದ ಹೊಸ ಸಿಸ್ಟಂ ಹಾಕಿ ಬದುಕಿಸ್ದೆ. ಸರ್ ಫೋನನ್ನ ಅವರ ಕಂಪನಿ ಇಷ್ಟು ವರ್ಷ ಚೆನ್ನಾಗೇ ನೋಡ್ಕೊಂಡಿದೆ. ಆದ್ರೆ ಬೀಗದಕೈ ಅವರ ಹತ್ರಾನೇ ಇರೋದು. ಅವರು ಬಾಗ್ಲು ಹಾಕಿದ್ಮೇಲೆ ಮುಗೀತು." ನನ್ನ ಮುಖ ನೋಡಿ, "ನಾಳೆ ಸಂಜೆ ಎರಡೂ ಫೋನ್ ತನ್ನಿ, ಆ ಧ್ವನೀನ ನಿಮ್ ಫೋನಿಗೆ ದಾಟ್ಸೋಕಾಗತ್ತಾ ನೋಡೋಣ" ಎಂದರು.

ನನ್ನ ಫೋನನ್ನು ಡಬ್ಬಾ ಎಂದು ನಿನ್ನ ಭಾವ ಆಡಿಕೊಳ್ಳುತ್ತಿದ್ದರಲ್ಲ, ಈಗ ಅದೇ ಗಟ್ಟಿ. ಗೆದ್ದೆ ಎನ್ನಲು ಮನಸ್ಸಿಲ್ಲ. ಬೆಳಗಿನಿಂದ ಅವರು ಕಿಟಕಿಯ ಬಳಿ ಕೂತು ಫೋನಿನಿಂದ ಸುಮ್ಮನೆ ಏನೇನೋ ಹೇಳಿಸುತ್ತಿದ್ದಾರೆ. ನನಗೆ ಹೆದರಿಕೆಯಾಗಿದೆ ಕಣೇ.

ಮಕ್ಕಳ ತಲೆ ನನ್ನ ಪರವಾಗಿ ಸವರು. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ಕಾಗದ ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತು. ಧ್ವನಿ ದಾಟಲಿಲ್ಲ. ಈಗ ನನ್ನ ಫೋನು ಅವರ ಕೈಯಲ್ಲಿದೆ, ಅದರಲ್ಲಿರುವುದು ಯಾರದೋ ನಯವಾದ ಗಂಡುಧ್ವನಿ. ಬುಧವಾರ ಪಾತ್ರೆ ತೊಳೆಯುತ್ತಿದ್ದೆ. ಬೆನ್ನ ಹಿಂದೆಯೇ "ಗಡಿಬಿಡೀ" ಎಂದಿತು. ಬೆಚ್ಚಿಬಿದ್ದು "ಯಾರ್ರೀ ನೀವು?" ಎಂದುಬಿಟ್ಟೆ. ಆಮೇಲೆ ಅವರು ಹಾಗೆ ಕರೆದಿಲ್ಲ. ನನ್ನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾರೆ.