ಸ್ಟೇರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

ನಾಗೇಂದ್ರ,

ಅಪ್ಪ ಹೋಗ್ಬಿಟ್ರು ಕಣೋ. ಆಸ್ಪತ್ರೆಯಿಂದ ಮನೆಗೆ ತರೋಕೆ ನಾನು, ಚಿಕ್ಕಪ್ಪ ಹೊರಟಿದ್ದೀವಿ. ಫ್ಯಾಕ್ಟರಿಯಿಂದ ಬಂದವನೇ ಅಮ್ಮನ ಹತ್ತಿರ ಕೂತ್ಕೋ.

ಕಾರು ಹುಡುಕಬೇಡ. ಬೆಳಿಗ್ಗೆ ಅಪ್ಪನಿಗೆ ಎದೆನೋವು ಬಂತು, ನಾನೇ ಸ್ಟಾರ್ಟ್ ಮಾಡ್ದೆ. ರಾಮಕೃಷ್ಣಾಶ್ರಮ ದಾಟೋ ಅಷ್ಟರಲ್ಲಿ ಇಂಜಿನ್ ಕಚ್ಕೊಂಡು ನಿಂತೇಹೋಯ್ತು. ಜಟಕಾ ಸಿಕ್ಕಿ ಆಸ್ಪತ್ರೆ ಸೇರೋ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಹೊಸ ಟಿನ್ ತರದೇ ಹಳೇ ಆಯಿಲ್ ಯಾಕೋ ಇಳಿಸ್ದೆ? ಹೋಗ್ಲಿ. ಇಂಜಿನ್ನಲ್ಲಿ ಆಯಿಲ್ ಇಲ್ಲದಾಗ ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು ಅಂತ ಅಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ರು, ನೀನು ಕಟ್ಟೇ ಹೋಗಿದ್ದೆ.

ಶುಕ್ರವಾರ ಅಂತ ಅಮ್ಮ ಕಾರಿಗೆ ಕುಂಕುಮ ಇಡೋಕೆ ಹೋಗಿ, ಕೊಳಕಾಗಿದೆ ಅಂತ ಆ ಬಟ್ಟೆ ಬಿಚ್ಚಿ ಒಗೆದಿದ್ದಾಳೆ. ಹಿತ್ತಲ ತಂತಿ ಮೇಲೆ ಅಪ್ಪನ ಪಂಚೆ ಪಕ್ಕದಲ್ಲೇ ಒಣಗ್ತಿದೆ. ಮೊದಲು ಆ ಕೆಂಪು ಬಟ್ಟೆ ತೆಗೆದು ಬಚ್ಚಿಡು. ಶೆಡ್ಡಿನಲ್ಲಿ ಆಯಿಲ್ ಇಳಿಸಿದ ಬಾಂಡ್ಲಿ ಇದೆ, ಅದನ್ನೂ ಯಾರಿಗೂ ಕಾಣದ ಹಾಗೆ ಎತ್ತಿಡು.

ಅಮ್ಮನಿಗೆ ಓದೋಕೆ ಬರಲ್ಲ, ಆದ್ರೂ ಈ ಚೀಟಿ ಬಚ್ಚಲ ಒಲೆಗೆ ಹಾಕು.

ಕಾರು ಯಾಕೆ ನಿಂತ್ಹೋಯ್ತು ಅಂತ ಆಗ್ಲೇ ಎರಡು ಸಲ ಕೇಳಿದಳು. ಹಳೇ ಗಾಡಿ ಅಲ್ವಾಮ್ಮ ಅಂದೆ. ಅವಳು ಇರೋವರೆಗೂ ನೀನೂ ಅಷ್ಟೇ ಅನ್ನು.

ಶ್ರೀಕಂಠ