ಗುರುತಿನ ಕಿವಿ

ಫೆಬ್ರುವರಿ ೧೧, ಬುಧವಾರ. ದೊಡ್ಡಉಳ್ಳಾರ್ತಿ

ಮೂರು ವರ್ಷದ ನಂಬಿಕೆ ಇವತ್ತು ಅರ್ಧ ಗಂಟೆಯಲ್ಲಿ ಹೋಯಿತು.

ಕುರಿಗಳ ವೈರಸ್ ರೋಗವಾದ ಹಿರಿಬೇನೆ ಬಂದು ಅಪ್ಪನ ಕುರಿಹಿಂಡು ಅರ್ಧ ಸತ್ತಾಗ, ಕಾಯಿಲೆ ಬಿದ್ದೂ ಬದುಕಿದ್ದು ಒಂದೇ ಟಗರು. ಅದರ ರಕ್ತದಲ್ಲೇ ಮದ್ದಿದೆ ಎಂದು ನಂಬಿದ್ದೆ. ಅದರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು, ಅದೇ ವೈರಸ್ ಹೊಕ್ಕ ಕುರಿಯ ಜೀವಕೋಶಗಳ ಮೇಲೆ ಹಾಕಿದೆ. ಕೋಶದ ಮೈಮೇಲಿದ್ದ ವೈರಸ್ ಪ್ರೋಟೀನುಗಳನ್ನು ಅವು ಸರಿಯಾಗಿಯೇ ಹಿಡಿದವು. ಹಿಡಿದದ್ದೇ ತಡ, ಆ ಪ್ರೋಟೀನುಗಳೆಲ್ಲ ಒಂದು ಮೂಲೆಗೆ ಸರಿದು ಕಳಚಿಬಿದ್ದವು. ಈಗ ಕೋಶದ ಮೈ ನುಣ್ಣಗಿದೆ, ರೋಗದ ಗುರುತೇ ಇಲ್ಲ, ವೈರಸ್ ಒಳಗೆ ಹಾಯಾಗಿದೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಸೆರೆಹಿಡಿದದ್ದು ನೋಡಿ ಇಲ್ಲಿನ ನಮ್ಮ ಲ್ಯಾಬಿನ ಮೇಡಂ, “ಚಿತ್ರ ಬಹಳ ಚೆನ್ನಾಗಿ ಬಂದಿದೆ” ಎಂದರು.

ಸಂಜೆ ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ಕುರಿ ಕದ್ದೋನು ಮೊದ್ಲು ಒಡೇರ ಗುರುತಿರೋ ಕಿವಿ ಕೊಯ್ದು ಬಿಸಾಕ್ತಾನೆ ಕಣವ್ವ. ನೀವು ಆ ಕಿವಿ ಹಿಡ್ಕಂಡು ಕುಂತಿದೀರ.”

ಶಾಲೆಯ ಮೆಟ್ಟಿಲು ಹತ್ತದ ಅಪ್ಪನಿಗೆ ಅರ್ಧ ನಿಮಿಷ ಸಾಕಾಯಿತು.

“ಟಗರಿನ ರಕ್ತ ಮತ್ತೆ ಬೇಕೇನವ್ವ?” ಎಂದ.

ಬೇಕು ಎಂದೆ. ಯಾತಕ್ಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ಇನ್ನೊಂದು ಒಳ್ಳೆಯ ಚಿತ್ರಕ್ಕೆ ಎನ್ನಬೇಕಿತ್ತು.